ಬೀರದೇವರ ಮಡುವಿಗೆ ಬಂದ ಪುಣ್ಯ

ಬಿಳಿ ಸಾಹೇಬರ ಜರ್ಮನ್ ಲಡಾಯಿ ಸುರುವಾದ ವರ್ಷದ ಭಾದ್ರಪದದಲ್ಲಿ ಗಡಹಿಂಗ್ಲಜದ ಅರಿವಿ-ಬಟ್ಟೆ ವ್ಯಾಪಾರಿ ಕಾಕಾಸಾಹೇಬರಿಗೆ ಮೀನುಗಳ ಮೇಲೆ ದಯೆ ಬಂತು. ಬರಬಾರದು ಅಂತ ನಾನು ಹೇಳುವುದಿಲ್ಲ. ಆದರೆ ಆ ದಯೆ ಉತ್ತೂರಿನ ಗುಡ್ಡ ಹತ್ತಿ ನಮ್ಮ ಮಡುವಿಗೇ ಯಾಕೆ ಬರಬೇಕಿತ್ತು?

ನಾವು ಕುರುಬರು. ಗುಡ್ಡದ ಹಳ್ಳದಲ್ಲಿ ಬೀರದೇವರ ಹೆಸರಿನ ಒಂದು ಮಡು ಇದೆ. ಅದರೊಳಗೆ ಬೆರಳುದ್ದದ ಮೀನು, ಮೈಮೇಲೆ ಕರಿ ಗೆರೆ, ಬಾಲಕ್ಕೆ ಕುಂಕುಮದ ಬಣ್ಣ. ಕೆಂಬಾಲಿ ಅಂತೀವಿ. ಕುರಿ ಹಿಂದೆ ತಿರುಗುತ್ತ ಸುತ್ತಲಿನ ಹಳ್ಳ ಎಲ್ಲ ನೋಡಿದ್ದೇನೆ, ಹಿರಣ್ಯಕೇಶಿ ಹೊಳೆಯನ್ನೂ ನೋಡಿದ್ದೇನೆ, ಇದು ಮತ್ತೆಲ್ಲೂ ಇಲ್ಲ. ಉಣ್ಣೆ ಕತ್ತರಿಸುವ ಮುಂಚೆ ಕುರಿಗಳನ್ನು ಮಡುವಿಗೆ ಇಳಿಸಿದರೆ ಗೊರಸಿನ ಸಂದಿಯ ಹುಣ್ಣನ್ನು ಇವೇ ಕಚ್ಚಿ ಹಸನು ಮಾಡುತ್ತವೆ. ಅದಕ್ಕೇ ಅಲ್ಲಿ ಗಾಳ ಹಾಕಬಾರದು ಅಂತ ಪಂಚರ ಕಟ್ಟು.

ಜೈನರ ದಶಲಕ್ಷಣ ಪರ್ವದಲ್ಲಿ ಕಾಕಾಸಾಹೇಬರು ಜೀವ ಉಳಿಸಿದ ಪುಣ್ಯಕ್ಕೆಂದು ಬಜಾರದ ಗಂಗುಬಾಯಿಯ ಹತ್ತಿರ ಜೀವಂತ ಮೀನು ಕೊಂಡು, ಹಂಡೆಯಲ್ಲಿ ಹಾಕಿ, ಚಕ್ಕಡಿಯಲ್ಲಿ ತಂದರು. ಇಣುಕಿ ನೋಡಿದೆ. ಮರಳ ಅನ್ನುವ ಮೀನು. ಹಾವಿನ ತಲೆ, ಮೊಳದುದ್ದ ಮೈ, ಸಣ್ಣ ಮೀನು ಕಪ್ಪೆ ಸಿಕ್ಕಿದ್ದೆಲ್ಲ ನುಂಗುವ ಜಾತಿ.

“ಸಾವಕಾರ್ರ, ಇವನ್ನ ಕೆಳಗ ಹೊಳಿಗೆ ಬಿಡ್ರಿ” ಅಂದೆ.

“ಹೊಳ್ಯಾಗ ಬಿಟ್ರ ಗಂಗುಬಾಯಿ ನಾಳೆ ಹಿಡೀತಾಳ, ನಾಡದು ನನಗ ಮಾರತಾಳ. ಇಲ್ಲಿ ಯಾರೂ ಗಾಳ ಹಾಕೂದಿಲ್ಲಂತಲ್ಲೋ ಮಲ್ಲಾರಿ.”

“ಗಾಳ ಹಾಕೂದಿಲ್ರಿ. ಆದ್ರ ಇವು ನಮ್ಮ ಕೆಂಬಾಲಿ ತಿಂತಾವ.”

“ಅದು ಅವುಗಳ ಕರ್ಮ, ತಮ್ಮಾ. ನನ್ನ ಕೈಯಾಗ ಜೀವ ಉಳೀತು.”

“ನಿಮ್ಮ ಕೈಯಾಗ ಉಳೀತ್ರಿ, ಅವುಗಳ ಬಾಯಾಗ ಹೋತು.”

“ಭಾಳ ಮಾತಾಡತಿ. ಎಷ್ಟನೆ ಇಯತ್ತೆ ಕಲತಿ?”

“ಮೂರನೆ. ಮಾಸ್ತರಿಗೂ ಹಿಂಗ ಮಾತಾಡಿದೆ, ಹೊರಗ ಹಾಕಿದ್ರು.”

ಅವರು ಕೈಮುಗಿದು ಹಂಡೆ ಬೋರಲು ಮಾಡಿದರು.

ದೀಪಾವಳಿಗೆ ಮಡುವಿನ ನಡುವೆ ಒಂದು ಕೆಂಬಾಲಿಯೂ ಕಾಣಲಿಲ್ಲ. ಉಳಿದವು ಬಂಡೆಯ ಸೀಳಿನಲ್ಲಿ ಅಡಗಿದ್ದವು. ನಮ್ಮ ಪಂಚರಲ್ಲಿ ಹಿರಿಯ ಹಾಲಸಿದ್ದಜ್ಜನ ಹತ್ತಿರ ಹೋದೆ.

“ಗಾಳ ಹಾಕಿ ಮರಳ ತಗೀತೇನಿ ಅಜ್ಜಾ.”

“ಮಡುವಿನ್ಯಾಗ ಇದ್ದದ್ದೆಲ್ಲಾ ದೇವರದು. ಮುಟ್ಟಬ್ಯಾಡ.”

“ದೇವರ ಮನಿಗೆ ಕಳ್ಳ ಹೊಕ್ರ ಅವನೂ ದೇವರವನ?”

ಅಜ್ಜ ಬಡಿಗೆ ಎತ್ತಿದ. ಕೆಂಬಾಲಿಗೆ ಕಟ್ಟಿದ ಕಟ್ಟು ಈಗ ಕೆಂಬಾಲಿ ತಿನ್ನುವವನ ಕಾವಲು ನಿಂತಿತ್ತು. ತಲೆ ಕೆಟ್ಟಿತು. ಮರುದಿನ ನಡುಮಧ್ಯಾಹ್ನ, ಎಲ್ಲರ ಕಣ್ಣೆದುರೇ, ಗಾಳಕ್ಕೆ ಕಪ್ಪೆ ಚುಚ್ಚಿ ಕೂತೆ. ಪಂಚರು ಬರುವಷ್ಟರಲ್ಲಿ ಬುಟ್ಟಿಯಲ್ಲಿ ಎರಡು ಮರಳ ಒದ್ದಾಡುತ್ತಿದ್ದವು.

ಅಲ್ಲೇ ತೀರ್ಪಾಯಿತು: ಪಂಚರಿಗೆಲ್ಲ ಊಟ ಹಾಕಬೇಕು, ಇಲ್ಲದಿದ್ದರೆ ಕುಲದಿಂದ ಹೊರಗೆ.

“ಮನ್ಯಾಗ ಏನೂ ಇಲ್ಲ. ಇವು ಅದಾವ” ಅಂತ ಬುಟ್ಟಿ ತೋರಿಸಿದೆ.

ಅವರು ಒಬ್ಬರ ಮುಖ ಒಬ್ಬರು ನೋಡಿ, ಆಗಲಿ ಅಂದರು. ನಮ್ಮತ್ತೆ ಯಮುನವ್ವ ಒಣಕೊಬ್ಬರಿ ಅರೆದು, ಕೆಂಪು ಖಾರ ಹಾಕಿ ಸಾರು ಮಾಡಿದಳು. ಕೆಂಬಾಲಿಗಾಗಿ ನಾನು ಒದರಿದ್ದು ಯಾರ ಕಿವಿಗೂ ಹೋಗಿರಲಿಲ್ಲ. ಸಾರಿನ ವಾಸನೆ ಎಲ್ಲರ ಮೂಗಿಗೂ ಹೋಯಿತು. ಹಾಲಸಿದ್ದಜ್ಜ ಮುಳ್ಳು ಚೀಪುತ್ತ ಕೇಳಿದ, “ಇನ್ನೂ ಅದಾವೇನೋ?”

“ಅದಾವ. ಆದ್ರ ದೇವರವು.”

“ದೇವರು ಕೆಂಬಾಲಿ ಇಟ್ಕೋತಾನ. ಮರಳ ಪಂಚರಿಗೆ” ಅಂತ ಅಜ್ಜ ಕೈ ತೊಳೆಯುವ ಮುಂಚೆಯೇ ಕಟ್ಟು ತಿದ್ದಿದ. ಮುಂದೆ ಮಡುವಿನಲ್ಲಿ ಮರಳದ ವಂಶ ಉಳಿಯದಂತೆ ಹಿಡಿದೆ. ಪಂಚರು ದಂಡೆಯ ಮೇಲೆ ಕೂತು, ಗಾಳ ಹೀಗೆ ಹಿಡಿ ಹಾಗೆ ಹಿಡಿ ಅಂತ ಜೀವ ತಿಂದರು. ಬೇಸಿಗೆಗೆ ಕೆಂಬಾಲಿ ಸೀಳಿನಿಂದ ಹೊರಬಂದು ಮೊಟ್ಟೆ ಇಟ್ಟು ಮರಿ ಮಾಡಿದವು.

ಮತ್ತೆ ಭಾದ್ರಪದ ಬಂತು, ಮತ್ತೆ ಚಕ್ಕಡಿ ಬಂತು. ನಾನು ಕಲ್ಲು ಹಿಡಿದು ನಿಂತಿದ್ದೆ. ಆದರೆ ಪಂಚರೇ ಗುಡ್ಡದ ಬುಡಕ್ಕೆ ಇಳಿದು ಹೋಗಿ, ಎತ್ತಿನ ಹಗ್ಗ ಹಿಡಿದು ನಿಲ್ಲಿಸಿದರು.

“ನೀವ್ಯಾಕ ದಣೀತೀರಿ ಸಾವಕಾರ್ರ? ಇಲ್ಲೇ ಕೊಡ್ರಿ, ನಾವು ನೋಡ್ಕೋತೇವಿ” ಅಂದ ಹಾಲಸಿದ್ದಜ್ಜ.

ಕಾಕಾಸಾಹೇಬರ ಕಣ್ಣು ತುಂಬಿ ಬಂತು. “ನಿಮ್ಮ ಮನಸ್ಸು ದೊಡ್ಡದು, ಅಜ್ಜಾ.”

ಅಜ್ಜ ಹಂಡೆಯೊಳಗೆ ಬಗ್ಗಿ ನೋಡಿದ. “ಹೌದ್ರಿ” ಅಂದ. “ಹಂಡೇನ ಸಣ್ಣದಾತು.”