ಕುಣಿಗಲ್ ಮ್ಯಾಚು

ಮೊದಲನೆಯ ಕಲ್ಲು ಗೋಲಿನ ಕಬ್ಬಿಣದ ಕಂಬಕ್ಕೆ ಬಡಿದು ಠಣ್ಣೆಂದಾಗ ಗಂಗಾ ತಿರುಗಿ ನೋಡಲಿಲ್ಲ. ಚೆಂಡು ಬೆಂಗಳೂರಿನ ಟೀಮಿನ ಹುಡುಗಿಯೊಬ್ಬಳ ಕಾಲಲ್ಲಿತ್ತು. ಅವಳು ಎಡಕ್ಕೆ ಹೊಡೆಯುತ್ತಾಳೋ ಬಲಕ್ಕೋ ಎಂಬುದನ್ನು ಬಿಟ್ಟರೆ ಆ ಹೊತ್ತಿನಲ್ಲಿ ಗಂಗಾಳಿಗೆ ಬೇರೇನೂ ಬೇಕಿರಲಿಲ್ಲ. ಹುಡುಗಿ ಬಲಕ್ಕೆ ಹೊಡೆದಳು. ಗಂಗಾ ಮೈಚೆಲ್ಲಿ ಹಾರಿ, ಚೆಂಡನ್ನು ಎದೆಗೆ ಅವುಚಿಕೊಂಡು ಗರಸು ನೆಲದಲ್ಲಿ ಉರುಳಿದಳು. ಮೊಣಕೈ ತರಚಿ ರಕ್ತ ಜಿನುಗಿತು. "ತೊಡೆ ನೋಡ್ಲಾ, ತೊಡೆ!" ಎಂದು ಹಗ್ಗದಾಚೆಯಿಂದ ಯಾರೋ ಕೂಗಿದರು. ಶಿಳ್ಳೆ ಎದ್ದಿತು. ಅದರ ಹಿಂದೆಯೇ ಎರಡನೆಯ ಕಲ್ಲು.

ಕುಣಿಗಲ್ಲಿನ ಶಾಲೆಯೊಂದರ ಕಟ್ಟಡಕ್ಕೆಂದು ಏರ್ಪಡಿಸಿದ್ದ ಪ್ರದರ್ಶನ ಪಂದ್ಯ ಅದು. ಎಂಬತ್ತೊಂದನೆಯ ಇಸವಿ. ಹೆಂಗಸರು ಚಡ್ಡಿ ಹಾಕಿಕೊಂಡು ಫುಟ್ಬಾಲ್ ಆಡುತ್ತಾರಂತೆ ಎಂಬ ಸುದ್ದಿಯೇ ಸಾಕಾಗಿ, ಸುತ್ತಲಿನ ಹಳ್ಳಿಗಳ ಗಂಡಸರೆಲ್ಲ ಟಿಕೆಟ್ ಕೊಂಡು ಬಂದಿದ್ದರು. ಗಂಗಾಳ ತುಮಕೂರು ಟೀಮಿನ ಹುಡುಗಿಯರಿಗೆ ಮಾತ್ರ ಇದು ಪ್ರದರ್ಶನವಲ್ಲ. ಚಳಿಗಾಲಕ್ಕೆ ಹೆಂಗಸರ ರಾಷ್ಟ್ರೀಯ ಫುಟ್ಬಾಲ್ ಸೀಜನ್ ಶುರುವಾಗುವುದಿತ್ತು. ರಾಜ್ಯದ ತಂಡಕ್ಕೆ ಆಟಗಾರ್ತಿಯರನ್ನು ಆರಿಸುವವರು ಶಾಮಿಯಾನದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. "ಜನ ಏನ್ ಬೇಕಾದ್ರೂ ಕೂಗ್ಕೊಳ್ಳಲಿ. ನೀವು ಚೆಂಡಿನ ಮೇಲಿಂದ ಕಣ್ಣು ತೆಗೀಬೇಡಿ ಕಣ್ರೇ" ಎಂದು ಕೋಚ್ ಅಲಮೇಲಮ್ಮ ಬೆಳಿಗ್ಗೆಯೇ ಹೇಳಿದ್ದರು.

ಗಂಗಾಳ ಪೂರ್ತಿ ಹೆಸರು ಸಿದ್ದಗಂಗಮ್ಮ. ಹುಟ್ಟಿದ್ದು ಗುಬ್ಬಿ ತಾಲ್ಲೂಕಿನ ಕಡಬದಲ್ಲಿ. ತೋಟದಲ್ಲಿ ಗಾಡಿಗೆ ಕಾಯಿ ತುಂಬುವಾಗ ಅಪ್ಪ ಕೆಳಗಿನಿಂದ ಎಸೆದ ತೆಂಗಿನಕಾಯಿಗಳನ್ನು ಗಾಡಿಯ ಮೇಲೆ ನಿಂತು ಹಿಡಿದು ಹಿಡಿದೇ ಅವಳ ಅಂಗೈ ಗಡುಸಾಗಿತ್ತು. ಅಪ್ಪ ಹೋದ ಮೇಲೆ ಓದಿಗೆಂದು ತುಮಕೂರಿಗೆ ಬಂದು, ಮರಳೂರಿನಲ್ಲಿದ್ದ ಅಣ್ಣ ಸದಾಶಿವಯ್ಯನ ಮನೆ ಸೇರಿದಳು. ಅಣ್ಣ ಬಸ್ಸಿನ ಡ್ರೈವರು. ಕಾಲೇಜಿನಲ್ಲಿ ಅಲಮೇಲಮ್ಮ ಒಂದು ದಿನ ಅವಳತ್ತ ಚೆಂಡೆಸೆದು, ಅವಳು ಹಿಡಿದ ರೀತಿ ನೋಡಿ, ಆವತ್ತೇ ಗೋಲಿನಲ್ಲಿ ನಿಲ್ಲಿಸಿದ್ದರು.

ಮೂರನೆಯ ಕಲ್ಲಿನ ಜೊತೆ ಒಬ್ಬ ಮನುಷ್ಯನೂ ಹಗ್ಗ ದಾಟಿ ಬಂದ. ಲುಂಗಿ ಎತ್ತಿ ಕಟ್ಟಿದ್ದ, ಕುಡಿದಿದ್ದ. ರೆಫರಿ ಪೀಪಿ ಊದುತ್ತಲೇ ಇದ್ದ. ಆಸಾಮಿ ನೆಟ್ಟಗೆ ಬಂದವನೇ ಗೋಲಿನ ಮುಂದೆ ಕಾವಲಿಗೆ ನಿಂತು ಬ್ಯಾಕ್ ಆಡುತ್ತಿದ್ದ ವನಜಳ ಚಡ್ಡಿಗೆ ಕೈಹಾಕಿ ಎಳೆದ. ವನಜ ಕಿರುಚಿ, ಎರಡೂ ಕೈಯಲ್ಲಿ ಚಡ್ಡಿ ಹಿಡಿದುಕೊಂಡು ನೆಲಕ್ಕೆ ಕುಕ್ಕರಿಸಿದಳು. ಜನ ಹೋ ಎಂದರು. ಅವನು ಅವಳ ಸುತ್ತ ಕುಣಿಯತೊಡಗಿದ.

ಗಂಗಾ ಚೆಂಡನ್ನು ಕೆಳಗಿಟ್ಟಳು. ಯಾರಿಗೋ ಪಾಸ್ ಕೊಡುತ್ತಾಳೆಂದುಕೊಂಡರು. ಅವಳು ಓಡಿ ಬಂದು ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಒದ್ದ ಚೆಂಡು ಅವನ ಮುಖಕ್ಕೇ ಬಡಿಯಿತು. ಅವನು ತತ್ತರಿಸಿ ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ಅವಳು ಅವನ ಮೇಲಿದ್ದಳು. ಮುಷ್ಟಿ ಬಿಗಿದು ಮೂಗಿನ ಮೇಲೆ ಗುದ್ದಿದಳು. ಏನೋ ಲಟಕ್ಕೆಂದಿತು. ಅವನು ಬಿದ್ದ ಮೇಲೂ ಬಿಡಲಿಲ್ಲ. ಪಕ್ಕೆಗೆ ಒದ್ದಳು, ಮತ್ತೆ ಒದ್ದಳು. ಹೊಡೆಯುವುದು ಇಷ್ಟು ಹಗುರವೆಂದು ಅವಳಿಗೆ ಅದುವರೆಗೆ ಗೊತ್ತಿರಲಿಲ್ಲ. ಮೈಯೆಲ್ಲ ಕಾದು, ಕಿವಿ ಮುಚ್ಚಿಹೋಗಿ, ಎಂಥದ್ದೋ ಸುಖವಾಯಿತು. ಅಲಮೇಲಮ್ಮ ಹಿಂದಿನಿಂದ ತಬ್ಬಿ ಎಳೆಯದಿದ್ದರೆ ಅವಳು ನಿಲ್ಲಿಸುತ್ತಿರಲಿಲ್ಲ.

"ಅಯ್ಯೋ, ಅಣ್ಣಯ್ಯಪ್ಪನೋರ ಬಾಮೈದ ಕಣ್ರಲಾ! ಗುಂಡಯ್ಯನ್ನ ಹೊಡುದ್ಲು ಕಣ್ರಲಾ!" ಎಂದು ಯಾರೋ ಅರಚಿದರು.

ಹಗ್ಗ ಹರಿಯಿತು. ಜನ ಮೈದಾನಕ್ಕೆ ನುಗ್ಗಿದರು. ಎರಡೂ ಟೀಮಿನ ಹುಡುಗಿಯರು ಶಾಲೆಯ ಕೋಣೆಯೊಂದಕ್ಕೆ ಓಡಿ, ಬಾಗಿಲಿಗೆ ಬೆಂಚುಗಳನ್ನು ಅಡ್ಡಲಾಗಿ ಒತ್ತಿ ಹಿಡಿದರು. ಹೆಂಚಿನ ಮೇಲೆ ಕಲ್ಲುಗಳು ಬೀಳುತ್ತಿದ್ದವು. ಕಿಟಕಿಯಿಂದ ಒಳಬಂದ ಒಂದು ಕಲ್ಲು ಅಲಮೇಲಮ್ಮನ ಹಣೆ ಒಡೆಯಿತು. ಅವರು ಸೆರಗನ್ನು ಹಣೆಗೆ ಒತ್ತಿಕೊಂಡು, "ಯಾರೂ ಅಳಬೇಡಿ, ಬಾಗಿಲು ಹಿಡ್ಕೊಳ್ಳಿ" ಎನ್ನುತ್ತಿದ್ದರು. ಸೆರಗು ಕೆಂಪಾಗಿ ರಕ್ತ ಮೊಣಕೈವರೆಗೆ ಇಳಿಯಿತು. ಪೊಲೀಸರು ಲಾಠಿ ಬೀಸುತ್ತ ಬಂದು ಎಲ್ಲರನ್ನೂ ವ್ಯಾನಿಗೆ ಹತ್ತಿಸುವವರೆಗೂ ವನಜ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಗಂಗಾ ಅವಳ ಹೆಗಲು ಮುಟ್ಟಿದರೆ ಕೊಸರಿಕೊಂಡಳು.

ಸುದ್ದಿ ಅವಳಿಗಿಂತ ಮೊದಲೇ ಮರಳೂರು ಮುಟ್ಟಿತ್ತು. ಅವಳು ಹೊಸಿಲು ದಾಟುವಾಗ ಅಣ್ಣ ಬೆಲ್ಟು ಬಿಚ್ಚಿ ಕೈಯಲ್ಲಿ ಹಿಡಿದು ಕೂತಿದ್ದ.

"ಯಾರಿಗೆ ಹೊಡ್ದಿದೀಯ ಗೊತ್ತೇನೇ?"

"ಅವ್ನು ವನಜನ..."

"ಅವ್ನು ಏನಾರ ಮಾಡ್ಲಿ! ನಾನು ಓಡುಸ್ತಿರೋ ಬಸ್ಸು ಯಾರ್ದು? ಈ ಮನೇಲಿ ಒಲೆ ಉರೀತಿರೋದು ಯಾರಿಂದ?"

ಅಣ್ಣಯ್ಯಪ್ಪ ಎಂದರೆ ಸಾರಾಯಿ ಕಂಟ್ರಾಕ್ಟರು, ಬಸ್ಸುಗಳ ಮಾಲೀಕ. ಸದಾಶಿವಯ್ಯ ಓಡಿಸುತ್ತಿದ್ದ ತುಮಕೂರು–ಕುಣಿಗಲ್ ಬಸ್ಸೂ ಅವನದೇ. ಗಂಗಾ ಇದನ್ನು ಮರೆತಿರಲಿಲ್ಲ. ಹೊಡೆದವನು ಅವನ ಬಾಮೈದನೆಂಬುದು ಮಾತ್ರ ಮೈದಾನದಲ್ಲಿ ಕೂಗು ಕಿವಿಗೆ ಬಿದ್ದಾಗಲೇ ಗೊತ್ತಾದದ್ದು.

ಮೊದಲನೆಯ ಏಟು ಬೆನ್ನಿನ ಮೇಲೆ ಬಿತ್ತು. ಎರಡನೆಯದನ್ನು ಅವಳು ಗಾಳಿಯಲ್ಲೇ ಹಿಡಿದಳು. ಬೆಲ್ಟಿನ ತುದಿಯನ್ನು ಅಂಗೈಗೆ ಸುತ್ತಿ ಎಳೆದು ನಿಂತಳು. ಅಣ್ಣನೂ ಎಳೆದ. ಅವನ ಕೈಗಿಂತ ತನ್ನ ಕೈ ಗಟ್ಟಿಯೆಂದು ಇಬ್ಬರಿಗೂ ಒಟ್ಟಿಗೇ ತಿಳಿಯಿತು.

"ಬುಡು" ಎಂದ ಸದಾಶಿವಯ್ಯ. ಅವನ ಗಲ್ಲ ನಡುಗುತ್ತಿತ್ತು. ಆಟಕ್ಕೆಂದು ಅವಳಿಗೆ ಮೊದಲ ಬೂಟು ಕೊಡಿಸಿದವನು, ಅವಳ ಮೇಲೆ ಅದುವರೆಗೆ ಕೈಯೆತ್ತದವನು. ಅವನು ಹೆದರಿದ್ದಾನೆಂದು ಅರ್ಥವಾದ ಕೂಡಲೇ ಗಂಗಾ ಬೆಲ್ಟು ಬಿಟ್ಟಳು. ಆಮೇಲಿನ ಏಟುಗಳನ್ನು ಹಿಡಿಯಲಿಲ್ಲ. ಗೋಡೆಗೆ ಕೈಯೂರಿ ನಿಂತು ತಿಂದಳು. ಅತ್ತಿಗೆ ಸರ್ವಮಂಗಳಮ್ಮ ಹಿತ್ತಲಿಂದ ಓಡಿ ಬಂದು, "ಸಾಕು ಬುಡ್ರೀ, ಸತ್ತೋಗ್ತಾಳೆ! ಬೆಳೆದಿರೋ ಹೆಣ್ಣಿಗೆ ಹಿಂಗಾ ಹೊಡೆಯಾದು!" ಎಂದು ಗಂಡನ ತೋಳಿಗೆ ಜೋತುಬಿದ್ದ ಮೇಲೆ ಅವನು ಬೆಲ್ಟು ಎಸೆದು ಹೊರಗೆ ಹೋದ.

ಮಾರನೆಯ ದಿನ ಅಲಮೇಲಮ್ಮ ಬಂದರು. ಹಣೆಗೆ ಹೊಲಿಗೆ ಬಿದ್ದಿತ್ತು. ಅಣ್ಣಯ್ಯಪ್ಪ ಹೇಳಿಕಳಿಸಿದ್ದನ್ನು ಅವರು ನೆಲ ನೋಡುತ್ತ ಹೇಳಿದರು. ಗಂಗಾ ಕುಣಿಗಲ್ಲಿಗೆ ಬಂದು ಎಲ್ಲರೆದುರು ಗುಂಡಯ್ಯನ ಕಾಲು ಮುಟ್ಟಿ ತಪ್ಪಾಯ್ತು ಅನ್ನಬೇಕು. ಹಾಗೆ ಅಂದುಬಿಟ್ಟರೆ ಅಲ್ಲಿಗೆ ಮುಗಿಯಿತು. ಇಲ್ಲವಾದರೆ ಪೊಲೀಸ್ ಕೇಸು, ಅಣ್ಣನ ಕೆಲಸ ಇಲ್ಲ. ಕೇಸು ಬಿದ್ದ ಹುಡುಗಿಯನ್ನು ರಾಜ್ಯದ ತಂಡದವರು ಹತ್ತಿರಕ್ಕೂ ಸೇರಿಸುವುದಿಲ್ಲ.

"ನೀವೇನಂತೀರ ಮೇಡಂ?"

"ನಾನೇನನ್ನಲಿ? ಇಷ್ಟು ವರ್ಷ ಒಬ್ಬ ಗೋಲ್ ಕೀಪರ್‌ಗೋಸ್ಕರ ಕಾದಿದ್ದೆ ಕಣೇ." ಹಣೆಯ ಹೊಲಿಗೆ ಮುಟ್ಟಿಕೊಂಡು, "ಒಂದ್ಸಲ ಬಗ್ಗಿಬಿಡು" ಎಂದರು.

ಗಂಗಾ ಅಣ್ಣನ ಬಸ್ಸಿನಲ್ಲೇ ಹೋದಳು. ಕುಣಿಗಲ್ಲಿನ ಬಸ್ಸಿನ ಶೆಡ್ಡಿನಲ್ಲಿ ಅಣ್ಣಯ್ಯಪ್ಪ ಕಬ್ಬಿಣದ ಕುರ್ಚಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದ. ಕ್ಲೀನರುಗಳು, ಮೆಕ್ಯಾನಿಕ್ಕುಗಳು ಕೆಲಸ ಬಿಟ್ಟು ಗುಂಪುಗೂಡಿದ್ದರು. ಗುಂಡಯ್ಯನ ಮೂಗಿಗೆ ದಪ್ಪ ಪಟ್ಟಿ, ಎರಡೂ ಕಣ್ಣಿನ ಕೆಳಗೆ ನೇರಳೆ ಬಣ್ಣ.

"ಹೆಣ್ ಹುಡ್ಗಿ, ತಿಳೀದೆ ಮಾಡವಳೆ. ಮುಗಿಸ್ಬುಡಮ್ಮ" ಎಂದ ಅಣ್ಣಯ್ಯಪ್ಪ, ಅವಳ ಮುಖ ನೋಡದೆ.

ಗಂಗಾ ಬಗ್ಗಿದಳು. ಗ್ರೀಸು ಬಿದ್ದು ಕಪ್ಪಾದ ನೆಲದ ಮೇಲೆ, ಅವನ ಪಾದದ ಹತ್ತಿರ ಬಲಗೈ ಇಟ್ಟು, "ತಪ್ಪಾಯ್ತು" ಎಂದಳು. ಕೈ ಹಿಂದಕ್ಕೆಳೆದುಕೊಳ್ಳುವ ಮೊದಲೇ ಗುಂಡಯ್ಯ ಕಾಲೆತ್ತಿ ಬೆರಳುಗಳ ಮೇಲೆ ತುಳಿದ. ಟೈರಿನ ಅಟ್ಟೆಯ ಚಪ್ಪಲಿ. ತುಳಿದವನು ಹಿಮ್ಮಡಿಯ ಮೇಲೆ ಪೂರ್ತಿ ಭಾರ ಬಿಟ್ಟು, ಬೀಡಿ ಹೊಸಕುವವನಂತೆ ಒಂದು ಸುತ್ತು ತಿರುಗಿಸಿದ. ಒಳಗೆ ಮೂಳೆ ಮುರಿದದ್ದು ಅವಳಿಗೆ ಕೇಳಿಸಿತು.

"ಈಗ ಹಿಡಿ ನೋಡಾಣ ಚೆಂಡು" ಎಂದ ಗುಂಡಯ್ಯ.

ಅವಳು ಕೂಗಲಿಲ್ಲ. ತಲೆಯೆತ್ತಿ ಅಣ್ಣನ ಕಡೆ ನೋಡಿದಳು. ಸದಾಶಿವಯ್ಯ ಕೈಮುಗಿದುಕೊಂಡು ನಿಂತಿದ್ದ. ಅವನ ಕಣ್ಣು ಬಸ್ಸಿನ ಚಕ್ರದ ಮೇಲಿತ್ತು. "ಏಯ್ ಗುಂಡ, ಸಾಕು" ಎಂದು ಕೊನೆಗೆ ಹೇಳಿದವನು ಅಣ್ಣಯ್ಯಪ್ಪನೇ.

ಕಾಲು ಮೇಲೆದ್ದಿತು. ಗಂಗಾ ಎಡಗೈ ಊರಿ ಎದ್ದು ನಿಂತಳು. ಬಲಗೈಯ ನಡುಬೆರಳು, ಉಂಗುರದ ಬೆರಳು ಬೇರೆ ಯಾರದ್ದೋ ಎಂಬಂತೆ ಪಕ್ಕಕ್ಕೆ ತಿರುಗಿದ್ದವು.

"ಮುಗೀತಲ್ಲ ಯಜಮಾನ್ರೇ?" ಎಂದಳು. "ನಮ್ಮಣ್ಣನ ಬಸ್ಸಿಗೆ ಟೈಮಾಯ್ತು."

ಯಾರೂ ನಗಲಿಲ್ಲ. ಅವಳು ನಡೆದುಹೋಗಿ ಬಸ್ಸು ಹತ್ತಿ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತಳು. ಪ್ಯಾಸೆಂಜರುಗಳು ತುಂಬಿಕೊಂಡರು. ಹಳ್ಳಕ್ಕೆ ಚಕ್ರ ಇಳಿದಾಗಲೆಲ್ಲ ನೋವು ಭುಜದವರೆಗೆ ಹರಿದು ಬರುತ್ತಿತ್ತು. ಹೆಬ್ಬೂರು ದಾಟಿದ ಮೇಲೆ ಸದಾಶಿವಯ್ಯ ತಿರುಗದೆಯೇ, "ಗಂಗೀ" ಎಂದ. ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು.

ಗುಬ್ಬಿಯಲ್ಲಿ ಮೂಳೆ ಕಟ್ಟುವ ಸಿದ್ದಲಕ್ಷ್ಮಮ್ಮನೆಂಬ ಮುದುಕಿ ಬೆರಳು ಎಳೆದು ಕೂಡಿಸಿದಳು. ಆವಾಗ ಮಾತ್ರ ಗಂಗಾ ಅಲ್ಲಿನ ಕೋಳಿಗಳೆಲ್ಲ ಚದುರುವ ಹಾಗೆ ಕಿರುಚಿದಳು. ಮುದುಕಿ ಬಿದಿರಿನ ದಬ್ಬೆಯಿಟ್ಟು ಬಟ್ಟೆ ಸುತ್ತಿ, "ಮಳೆಗಾಲ ಮುಗಿಯಗಂಟ ಈ ಕೈಗೆ ಕೆಲ್ಸ ಕೊಡ್ಬ್ಯಾಡ ಮಗಾ" ಎಂದಳು. ರಾಜ್ಯದ ತಂಡದ ಕೊನೆಯ ಆಯ್ಕೆಯ ಆಟ ಅದಕ್ಕಿಂತ ಮೊದಲೇ ಬೆಂಗಳೂರಿನಲ್ಲಿ ನಡೆಯುವುದಿತ್ತು.

ಅಲಮೇಲಮ್ಮ ಕಟ್ಟು ಹಾಕಿದ ಕೈಯನ್ನು ತಮ್ಮ ಮಡಿಲಿಗೆ ತೆಗೆದುಕೊಂಡು ನೋಡಿದರು. ಬಗ್ಗು ಎಂದವರು ತಾವೇ ಎಂಬುದು ಅವರ ಮುಖದಲ್ಲಿ ಕಾಣುತ್ತಿತ್ತು. "ಮುಂದಿನ ವರ್ಷ ನೋಡೋಣ ಬಿಡು" ಎಂದರು.

"ಕಾಲು ನೆಟ್ಟಗಿದಾವಲ್ಲ ಮೇಡಂ. ಬ್ಯಾಕಿಗೆ ನಿಲ್ತೀನಿ. ವನಜನ ಜಾಗದಲ್ಲಿ."

ವನಜ ಆಮೇಲೆ ಆಟಕ್ಕೆ ಬಂದಿರಲಿಲ್ಲ. ಶೆಟ್ಟಿಹಳ್ಳಿಯ ಅವಳ ಮನೆಗೆ ಗಂಗಾ ಹೋದಾಗ ಅವರಪ್ಪ ಬಾಗಿಲಲ್ಲೇ ನಿಂತು, "ಅವ್ಳಿಗೆ ಗಂಡು ನೋಡಿದೀವಿ, ನೀನು ಇತ್ಲಾಗೆ ಬರ್ಬೇಡಮ್ಮ" ಎಂದು ಕಳಿಸಿದ್ದರು. ಒಳಗೆ ಬೀಸುವ ಕಲ್ಲಿನ ಸದ್ದು ತಟ್ಟನೆ ನಿಂತು, ಮತ್ತೆ ಶುರುವಾಗಿತ್ತು.

ಗಂಗಾ ಅಮ್ಮನಿದ್ದ ಕಡಬಕ್ಕೆ ಹೋದಳು. ಅಮ್ಮ ಏನು ಕೇಳಿದರೂ ಬಿದ್ದೆ ಎಂದಳು. ಬೆಳಗೂ ಸಂಜೆಯೂ ಕೆರೆ ಏರಿಯ ಕಲ್ಲುಗೋಡೆಗೆ ಚೆಂಡು ಒದ್ದಳು. ಚೆಂಡು ಹಿಂದಕ್ಕೆ ನೆಗೆದು ಬರುವಾಗ ಕೈ ತಾನಾಗಿ ಮುಂದೆ ಚಾಚುತ್ತಿತ್ತು. ಆ ಅಭ್ಯಾಸ ಬಿಡಿಸಲು ಬಲಗೈಯನ್ನು ಸೊಂಟಕ್ಕೆ ಕಟ್ಟಿಕೊಂಡಳು. ಏರಿಯ ಮೇಲೆ ಹೋಗುವವರು ನಿಂತು ನೋಡಿದರೆ ಅವರತ್ತ ಒಂದು ಸಲ ನೋಡುತ್ತಿದ್ದಳು. ಅವರು ಮುಂದೆ ಹೋಗುತ್ತಿದ್ದರು.

ಆಯ್ಕೆಯ ದಿನ ಸದಾಶಿವಯ್ಯ ರಜೆ ಹಾಕಿ, ಕೇಳದೆಯೇ ಅವಳ ಜೊತೆ ಬೆಂಗಳೂರಿಗೆ ಬಂದ. ಆರಿಸುವವರಲ್ಲಿ ಹಿರಿಯನೊಬ್ಬ ಅವಳ ಕಟ್ಟು ನೋಡಿ, "ಕೈಗೇನಾಯ್ತಮ್ಮ?" ಎಂದ.

"ಏನಿಲ್ಲ ಸರ್."

"ಪೆಟ್ಟಾದ್ರೆ ನಾವು ಜವಾಬ್ದಾರರಲ್ಲ."

"ಆಯ್ತು ಸರ್."

ಎದುರು ಟೀಮಿನಲ್ಲಿ ಒಬ್ಬಳು ಪುಟ್ಟ ಹುಡುಗಿಯಿದ್ದಳು. ಮೀನಿನ ಹಾಗೆ ನುಸುಳುವ ಕಾಲು. ಮೊದಲ ಸಲ ಗಂಗಾಳನ್ನು ದಾಟಿಕೊಂಡು ಹೋಗಿ ಗೋಲು ಹೊಡೆದು, ನಕ್ಕಳು. ಅದು ಕೆಟ್ಟ ನಗುವೇನಲ್ಲ. ಆದರೂ ಗಂಗಾಳ ಕಿವಿ ಕುಣಿಗಲ್ಲಿನ ಮೈದಾನದಲ್ಲಿ ಮುಚ್ಚಿಹೋದಂತೆ ಮುಚ್ಚಿತು. ಎರಡನೆಯ ಸಲ ಹುಡುಗಿ ಬಂದಾಗ ಗಂಗಾ ಹಿಂಜರಿಯಲಿಲ್ಲ. ಚೆಂಡಿಗೂ ಕಾಲು ತಾಗಿತು, ಹುಡುಗಿಗೂ ಭುಜ ತಾಗಿತು. ಹುಡುಗಿ ಮುಖ ಅಡಿಯಾಗಿ ಬಿದ್ದು ಜಾರಿದಳು. ಪೀಪಿ ಕೂಗಲಿಲ್ಲ. ಚೆಂಡು ಮುಂದಕ್ಕೆ ಹೊಡೆದು ಗಂಗಾ ತನ್ನ ಜಾಗಕ್ಕೆ ವಾಪಸಾದಳು. ಹಿಂದಿರುಗಿ ನೋಡಲಿಲ್ಲ. ಮೂರನೆಯ ಸಲ ಆ ಹುಡುಗಿ ಅವಳ ಕಡೆಯಿಂದ ಬರಲೇ ಇಲ್ಲ, ಬಳಸಿಕೊಂಡು ಆಚೆಗೆ ಹೋದಳು.

"ಒಂಟಿ ಕೈಯೋಳು, ಏನ್ ನಿಲ್ತಾಳ್ರೀ!" ಎಂದು ಹಿರಿಯ ಮೆಚ್ಚಿ ನಕ್ಕ. ಆಟ ಮುಗಿದ ಮೇಲೆ ಅವಳನ್ನು ಕರೆದು, ಸೋಮವಾರ ಕ್ಯಾಂಪಿಗೆ ಬರಬೇಕೆಂದೂ, ಚಳಿಗೆ ಸ್ವೆಟರ್ ತರಬೇಕೆಂದೂ, ರಾಷ್ಟ್ರೀಯ ಪಂದ್ಯಗಳು ನಡೆಯುವ ಉತ್ತರದ ಕಡೆ ಬಹಳ ಚಳಿಯೆಂದೂ ಹೇಳಿದ. ಅಲಮೇಲಮ್ಮ ಮುಖ ತಿರುಗಿಸಿಕೊಂಡು ಕಣ್ಣೊರೆಸಿಕೊಂಡರು.

ಸದಾಶಿವಯ್ಯ ಕಾಂಪೌಂಡಿನ ಹತ್ತಿರ ಮರದ ನೆರಳಲ್ಲಿ ಬುತ್ತಿ ಬಿಚ್ಚಿಕೊಂಡು ಕೂತಿದ್ದ. ಅತ್ತಿಗೆ ಮೊಸರನ್ನ ಕಟ್ಟಿ ಕಳಿಸಿದ್ದಳು. ಗಂಗಾ ಬಂದು ಎದುರಿಗೆ ಕೂತಳು. ಅವನು ಒಮ್ಮೆ ಅವಳ ಕಟ್ಟಿದ ಕೈ ನೋಡಿ, ಕೈತೊಳೆದುಕೊಂಡು ಬಂದು, ಅನ್ನ ಕಲೆಸಿ, ತುತ್ತು ಮಾಡಿ ಅವಳ ಬಾಯ ಹತ್ತಿರ ಹಿಡಿದ.

"ತಿನ್ನು" ಎಂದ.

ಅವಳು ಬಾಯಿ ತೆರೆಯಲಿಲ್ಲ. ತುತ್ತು ಹಿಡಿದ ಕೈಯನ್ನೇ ನೋಡಿದಳು. ಮೊಸರು ಅವನ ಮುಂಗೈ ಮೇಲೆ ಇಳಿದು ಬರುತ್ತಿದ್ದರೂ ಅವನು ಕೈ ಹಿಂದಕ್ಕೆ ತೆಗೆಯಲಿಲ್ಲ. ಆಮೇಲೆ ಅವಳು ತನ್ನ ಎಡಗೈ ಚಾಚಿದಳು. ಅವನು ತುತ್ತನ್ನು ಆ ಅಂಗೈಯಲ್ಲಿಟ್ಟ.

ಮೈದಾನದ ಆಚೆ ತುದಿಯ ನಲ್ಲಿಯಲ್ಲಿ ಆ ಪುಟ್ಟ ಹುಡುಗಿ ಬಗ್ಗಿ ಬಾಯಿ ಮುಕ್ಕಳಿಸಿ ಉಗಿಯುತ್ತಿದ್ದಳು. ಗಂಗಾ ತುತ್ತು ಅಗಿಯುತ್ತ ಅತ್ತ ನೋಡಿದಳು. ಉಗಿದ ನೀರು ಇನ್ನೂ ಕೆಂಪಗೇ ಬೀಳುತ್ತಿತ್ತು.