ಕರಿ ಚೂರು, ಬಿಳಿ ಚೂರು

ಶಹಾಬಾದಿನ ಶಾಲೆಯಲ್ಲಿ ಇಪ್ಪತ್ತಾರು ವರ್ಷ ವಿಜ್ಞಾನ ಕಲಿಸಿದ ಲೀಲಾಬಾಯಿ ನಾನು. ಏಳನೇ ತರಗತಿಯಲ್ಲಿ ಪ್ರತಿ ವರ್ಷ, ನಮ್ಮೂರಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ತುಂಡಿನ ಮೇಲೆ ನಿಂಬೆರಸ ಹಿಂಡುತ್ತಿದ್ದೆ. ಬುರುಬುರು ನೊರೆ ಏಳುತ್ತಿತ್ತು. "ನೋಡ್ರಿ, ಈ ಕಲ್ಲಿನಾಗ ಸುಣ್ಣ ಅದ" ಎಂದು ಮಕ್ಕಳಿಗೆ ಹೇಳುತ್ತಿದ್ದೆ. ಆ ನಿಂಬೆ ಬಹಳ ವರ್ಷ ಬರುತ್ತಿದ್ದದ್ದು ಪಕ್ಕದ ಮನೆಯ ಹಸೀನಾಬೇಗಂಳ ಕುಂಡದಿಂದ. ಆ ಕುಂಡಕ್ಕೆ ನಾನು ಮಾಡಿದ್ದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಅದು ಮೊಳಕಾಲೆತ್ತರದ ಬೋನ್ಸಾಯ್, ಹದಿನೆಂಟು ವರ್ಷದ್ದು. ತವರುಮನೆಯ ಅಂಗಳದ ನಿಂಬೆಯ ಟೊಂಗೆಗೆ ಮಣ್ಣು ಕಟ್ಟಿ, ಬೇರು ಬಿಡಿಸಿ ಅವಳೇ ತಂದದ್ದು. ಮರುವರ್ಷ ಫರಸಿಯ ಗಣಿ ಹಿಗ್ಗಿ ಆ ಮನೆ, ಅಂಗಳ, ಮರ ಎಲ್ಲವನ್ನೂ ನುಂಗಿತು. ತವರು ಅಂತ ಅವಳಿಗೆ ಉಳಿದದ್ದು ಕುಂಡದಲ್ಲಿದ್ದಷ್ಟೇ.

ನನ್ನ ಹತ್ತಿರ ಹೈದರಾಬಾದಿನಿಂದ ತಂದ ಬೋನ್ಸಾಯ್ ಪುಸ್ತಕವಿತ್ತು. ಅದರಲ್ಲಿ ಬರೆದ ಮಣ್ಣು ಕೊಳ್ಳಲು ನನ್ನ ಪಗಾರ ಸಾಲದು. ಹಸೀನಾ ಪುಸ್ತಕ ಮುಟ್ಟಿದವಳಲ್ಲ. ಅವಳ ತಮ್ಮ ಇಸಾಕ ವಾಡಿಯ ರೈಲ್ವೆ ಶೆಡ್ಡಿನಿಂದ ಸುಟ್ಟ ಕಲ್ಲಿದ್ದಲಿನ ಕರಿ ಚೂರು ಚೀಲ ತುಂಬಿ ತರುತ್ತಿದ್ದ. ಅದಕ್ಕೆ ಒಡೆದ ಇಟ್ಟಿಗೆ, ದಂಡೋತಿಯ ಹೊಳೆಯ ದಪ್ಪ ಉಸುಕು, ಹಳೆಯ ಆಡಿನ ಗೊಬ್ಬರ. ಎಲ್ಲವನ್ನೂ ಜರಡಿ ಹಿಡಿದು ಧೂಳು ಚೆಲ್ಲುತ್ತಿದ್ದಳು.

"ಧೂಳ ಉಳೀತಂದ್ರ ಬೇರಿಗಿ ಉಸಿರು ಸಿಗಂಗಿಲ್ರಿ ಬಾಯೋರ" ಅನ್ನುತ್ತಿದ್ದಳು.

"ವಾಡಿಂದ ಯಾಕ ಹೊರಸ್ತಿ? ಫರಸಿ ಚೂರು ಓಣಿಗೊಂದು ಗುಡ್ಡ ಬಿದ್ದಾದ, ಪುಕ್ಕಟ" ಎಂದೆ ಒಮ್ಮೆ.

"ಅದು ಬ್ಯಾಡ್ರಿ. ನಮ್ಮ ಅಬ್ಬಾ ಸುಣ್ಣದ ಭಟ್ಟ್ಯಾಗ ದುಡದಾಂವ. ಆ ಕಲ್ಲು ಮನಿಗಿ ಛಲೋ, ಲಿಂಬಿಗಿ ಆಗಂಗಿಲ್ಲ."

ನನಗೆ ಉರಿದುಹೋಯಿತು. ನಮ್ಮೂರಲ್ಲಿ ನೆಲಕ್ಕೆ ಫರಸಿ, ಮಾಳಿಗೆಗೆ ಫರಸಿ, ಬಟ್ಟೆ ಒಗೆಯಲು ಫರಸಿ. ಅದು ಯಾರಿಗೆ ಏನು ಕೇಡು ಮಾಡಿದೆ? ನಾಲ್ಕನೇ ತರಗತಿ ದಾಟದವಳು ನನಗೆ ಕಲ್ಲಿನ ಪಾಠ ಹೇಳುತ್ತಾಳಲ್ಲ ಅನ್ನಿಸಿತು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರೆ. ನನ್ನಲ್ಲಿ ಆ ಒಕ್ಕಾಲೇ ಕುಣಿಯುತ್ತಿತ್ತು.

ತೊಂಬತ್ತಾರರ ಸಂಕ್ರಾಂತಿ ಮುಗಿದ ಮೇಲೆ ಅವಳ ಮಗಳು ಮಹೆಕ್‌ಳ ಹೆರಿಗೆ ಬಂತು. ಹಸೀನಾ ಚಿಂಚೋಳಿಗೆ ಹೊರಟಳು. ಕುಂಡವನ್ನು ನನ್ನ ಕಟ್ಟೆಯ ಮೇಲೆ ತಂದಿಟ್ಟು, "ನೀರ ಅಷ್ಟೇ ಹಾಕ್ರಿ. ಮಣ್ಣ ಮುಟ್ಟಬ್ಯಾಡ್ರಿ" ಎಂದಳು.

ನಾನು ಮುಟ್ಟಿದೆ. ಮಾರ್ಚಿನಲ್ಲಿ ಗುಲ್ಬರ್ಗಾದಲ್ಲಿ ಫಲಪುಷ್ಪ ಪ್ರದರ್ಶನವಿತ್ತು. ಇಂಥ ಗಿಡ ಇಡೀ ಜಿಲ್ಲೆಯಲ್ಲಿಲ್ಲ, ಆದರೆ ಆ ಕರಿ ಚೂರು ಬೂದಿಗುಂಡಿಯ ಹಾಗೆ ಕಾಣುತ್ತಿತ್ತು. ಫರಸಿ ಪಾಲಿಶ್ ಮಾಡುವಲ್ಲಿಂದ ಬಿಳಿ ಚೂರು ಒಂದು ಬುಟ್ಟಿ ತಂದೆ. ಜರಡಿ ಹಿಡಿಯಲಿಲ್ಲ. ಕರಿಯದನ್ನೆಲ್ಲ ಬೇರಿನಿಂದ ಕೊಡವಿ ಹಿತ್ತಲಿಗೆ ಸುರಿದು, ಬಿಳಿಯದನ್ನು ತುಂಬಿದೆ. ಪ್ರದರ್ಶನದಲ್ಲಿ ಯಾರ ಹೆಸರು ಬರೆಸಬೇಕೆಂದಿದ್ದೆ? ಸುಳ್ಳೇಕೆ, ನನ್ನದೇ.

ಒಂದು ವಾರ ಚೆಂದ ಕಂಡಿತು. ಆಮೇಲೆ ಎಲೆಗಳು ಹಳದಿಯಾದವು, ನರ ಮಾತ್ರ ಹಸಿರು. ನೀರು ಸಾಲಲಿಲ್ಲವೆಂದು ಇನ್ನಷ್ಟು ಹಾಕಿದೆ. ಕಲ್ಲಿನ ಹಿಟ್ಟು ಗಾರೆಯ ಹಾಗೆ ಗಟ್ಟಿಯಾಗಿ, ನೀರು ಕೆಳಗಿಳಿಯದೆ ಮೇಲೆ ನಿಲ್ಲುತ್ತಿತ್ತು. ಪ್ರದರ್ಶನದ ದಿನ ಒಯ್ಯಲು ಬರೀ ಕಡ್ಡಿ ಉಳಿದಿತ್ತು. ಹಸೀನಾ ಬರುತ್ತಾಳೆಂಬ ಸುದ್ದಿ ಬಂದಾಗ ಬಿಳಿಯದನ್ನು ಚೆಲ್ಲಿ, ಹಿತ್ತಲಿನ ಕರಿ ಚೂರನ್ನೇ ಆಯ್ದು ಮತ್ತೆ ತುಂಬಿದೆ. ಥೂ ನನ್ನ ಜನ್ಮಕ್ಕೆ.

ಅವಳು ಮೊಮ್ಮಗ ಹುಟ್ಟಿದ್ದಕ್ಕೆ ಪೇಡೆ ಹಿಡಿದು ಬಂದಳು. ಕುಂಡ ನೋಡಿ ನಿಂತುಬಿಟ್ಟಳು.

"ಏನಾತ್ರಿ ಬಾಯೋರ?"

"ಬಿಸಿಲು ಭಾಳ ಇತ್ತವ್ವ. ದಿನಾ ನೀರ ಹಾಕ್ದೆ, ತಡೀಲಿಲ್ಲ."

ಅವಳು ನನ್ನ ಕಟ್ಟೆಯ ಮೇಲೇ ಚೀಲ ಹಾಸಿ ಕುಂಡ ಬೋರಲು ಹಾಕಿದಳು. ಒಣಗಿದ ಬೇರಿನ ಗಂಟನ್ನು, ಹೆಣ್ಣುಮಗಳ ತಲೆಯ ಸಿಕ್ಕು ಬಿಡಿಸುವ ಹಾಗೆ, ಬೆರಳಿನಿಂದ ಬಿಡಿಸಿದಳು. ಒಳಗಿಂದ ಒಂದು ಬಿಳಿ ಚೂರು ಬಿತ್ತು. ಮತ್ತೊಂದು. ಐದು ಸಿಕ್ಕವು. ಐದನ್ನೂ ಕಟ್ಟೆಯ ಮೇಲೆ ಸಾಲಾಗಿ ಇಟ್ಟಳು.

"ಗಾಳಿಗಿ ಬಂದು ಬಿದ್ದಿರಬೇಕು" ಎಂದೆ. ಕಲ್ಲು ಗಾಳಿಗೆ ಹಾರಿ ಬೇರಿನೊಳಗೆ ಹೊಕ್ಕಿತಂತೆ. ಇದು ವಿಜ್ಞಾನ ಟೀಚರಿನ ಬಾಯಿಂದ ಬಂದ ಮಾತು.

"ತವರಮನಿ ಮುಂದಿನ ಮರಾನೂ ಈ ಕಲ್ಲಿಗೇ ಹೋಯ್ತ್ರಿ" ಎಂದಳು. ಅವಳ ದನಿ ಏರಲಿಲ್ಲ. "ಕೇಳಿದ್ರ ಗಿಡಾನೇ ಕೊಡ್ತಿದ್ದೆ ನಿಮಗ."

ಮನೆಯಿಂದ ಜರಡಿ ತಂದು ಕರಿ ಚೂರನ್ನು ಅದಕ್ಕೆ ಹಾಕಿ, ಚೀಲಕ್ಕೆ ತುಂಬಿಕೊಂಡು ಎದ್ದಳು. ಹೋಗುವಾಗ ಒಂದು ಬಿಳಿ ಚೂರು ತೆಗೆದು ನನ್ನ ಅಂಗೈಯಲ್ಲಿಟ್ಟಳು.

"ಸಾಲಿ ಮಕ್ಳಿಗಿ ತೋರಸ್ಲಿಕ್ಕ ಇಟ್ಕೋರಿ. ಲಿಂಬಿ ಮಾತ್ರ ಇನ್ನ ಬಜಾರದಾಗ ತಗೋರಿ."

ಆ ವರ್ಷ ಬಜಾರದ ನಿಂಬೆ ಹಿಂಡಿದೆ. ಅದೇ ಚೂರಿನ ಮೇಲೆ ನೊರೆ ಬಂತು, ಮಕ್ಕಳು ಚಪ್ಪಾಳೆ ತಟ್ಟಿದರು.