ತೂತಿಲ್ಲದ ಮೇಜು

ಅಮೆರಿಕದ ರಾಸೀನ್‌ನಂಥ ಸಣ್ಣ ಊರಿನಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟರೆ ದೊಡ್ಡ ಪಜೀತಿ. ಅಂಗಡಿಯಲ್ಲಿ ಎದುರಾದಾಗೆಲ್ಲ ತಳ್ಳುಗಾಡಿಯನ್ನು ಇನ್ನೊಂದು ಸಾಲಿಗೆ ತಿರುಗಿಸಿಕೊಂಡು, ಬೇಡದ ಬಿಸ್ಕತ್ತನ್ನು ದಿಟ್ಟಿಸಿ ನೋಡುತ್ತ ನಿಲ್ಲಬೇಕು. ವರ್ನರ್ ಮತ್ತು ಅವನ ತಮ್ಮ ಎಲ್ಡನ್ ವರ್ಷಗಟ್ಟಲೆ ಹಾಗೆ ನಿಂತಿದ್ದರು. ಜಗಳ ಅಪ್ಪನ ಡ್ರಿಲ್ಲಿಂಗ್ ಮಷೀನಿನದು. ಅಪ್ಪನ ಸಮಾಧಿಯ ಹೂವು ಬಾಡುವ ಮೊದಲೇ ವರ್ನರ್ ಅದನ್ನು ಯಾರನ್ನೂ ಕೇಳದೆ ಪಿಕಪ್ ಗಾಡಿಗೆ ಹೇರಿಕೊಂಡು ಬಂದಿದ್ದ. ತಂದವನು ಬಳಸಿದನೇ ಅಂದರೆ ಅದೂ ಇಲ್ಲ. ತನ್ನ ಮನೆಯ ನೆಲಮಾಳಿಗೆಯ ಮೂಲೆಯಲ್ಲಿ ತುಕ್ಕು ಹಿಡಿಯಲು ಬಿಟ್ಟ.

ವರ್ನರ್ ಮದುವೆಯಾದವನಲ್ಲ. ಟ್ರ್ಯಾಕ್ಟರ್ ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಮನೆಯಲ್ಲಿ ಮಾತಾಡುತ್ತಿದ್ದುದು ರೇಡಿಯೋ ಒಂದೇ. ನಾಳೆ ಹಿಮ ಬೀಳುತ್ತದೆ ಎಂದು ರೇಡಿಯೋದವನು ಹೇಳಿದಾಗ ಒಮ್ಮೆ ಇವನು "ಹೌದೇನಪ್ಪಾ?" ಎಂದುಬಿಟ್ಟ. ತನ್ನ ದನಿ ಕೇಳಿ ತಾನೇ ಬೆಚ್ಚಿದ. ಆ ಚಳಿಗಾಲದಲ್ಲೇ ಅವನು ನಿರ್ಧರಿಸಿದ್ದು: ಮಷೀನನ್ನು ಹೊಸದರಂತೆ ಮಾಡಿ ಎಲ್ಡನ್‌ಗೆ ಕೊಟ್ಟುಬಿಡಬೇಕು. ತಮ್ಮ ಒಮ್ಮೆ ಮನೆಗೆ ಬಂದರೆ ಸಾಕಿತ್ತು.

ಒಬ್ಬನೇ ಬಿಚ್ಚಿದ, ಬೆನ್ನು ಹಿಡಿಸಿಕೊಂಡ. ಭಾಗಗಳನ್ನು ವಿನೆಗರ್‌ನಲ್ಲಿ ನೆನೆಹಾಕಿ ತುಕ್ಕು ಉಜ್ಜಿದ, ಬೇರಿಂಗು ಬದಲಿಸಿದ, ಹೊಸ ಬೆಲ್ಟು ಹಾಕಿದ, ಮೊದಲಿದ್ದ ಬೂದುಬಣ್ಣವನ್ನೇ ಹುಡುಕಿ ಬಳಿದ. ಉಳಿದದ್ದು ಮೇಜು. ಕೊರೆಯುವ ವಸ್ತುವನ್ನು ಇಡುವ, ಎರಕದ ಕಬ್ಬಿಣದ ಮೇಜು. ಅಡಿಯಲ್ಲಿ ಮರದ ತುಂಡು ಇಡಲು ಮರೆತರೆ ಕೊರೆಯುವ ಬಿಟ್ ನೇರವಾಗಿ ಅದಕ್ಕೇ ಇಳಿಯುತ್ತದೆ. ಹಾಗಾದಾಗ ಅಪ್ಪನದೊಂದು ಕಾನೂನಿತ್ತು. ತೂತು ಮಾಡಿದವನು ಅಪ್ಪನ ಮನೆಯ ನೆಲಮಾಳಿಗೆಯ ಮೆಟ್ಟಿಲ ಕೆಳಗೆ ನಿಂತು "ಮೇಜಿಗೆ ಬಿತ್ತು!" ಎಂದು ತಾನೇ ಕೂಗಬೇಕು. ಅಪ್ಪ ಕಾಫಿ ಹಿಡಿದುಕೊಂಡೇ ಇಳಿದು ಬಂದು, ಒಂದು ಮಾತೂ ಬೈಯದೆ, ಕಬ್ಬಿಣದಲ್ಲಿ ಅಕ್ಷರ ಮೂಡಿಸುವ ಪಂಚನ್ನೂ ಸುತ್ತಿಗೆಯನ್ನೂ ಕೈಗೆ ಕೊಡುತ್ತಿದ್ದ. ತೂತಿನ ಪಕ್ಕ ತನ್ನ ಹೆಸರಿನ ಮೊದಲ ಅಕ್ಷರವನ್ನು ತಾನೇ ಹೊಡೆಯಬೇಕು.

ಆ ಅಕ್ಷರಗಳನ್ನು ಕಂಡರೆ ವರ್ನರ್‌ಗೆ ಈ ವಯಸ್ಸಿನಲ್ಲೂ ಕಿವಿ ಬಿಸಿಯಾಗುತ್ತಿತ್ತು. ಜೊತೆಗೆ ಹಳೇ ಮಷೀನಿನ ಹುಚ್ಚಿನವರಿಗೆಲ್ಲ ಇರುವ ಕಾಯಿಲೆ ಅವನಿಗೂ ಇತ್ತು: ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಹಾಗೇ ಕಾಣಬೇಕು. ತೂತಿಗೆಲ್ಲ ಕಬ್ಬಿಣದ ಬಿರಡೆ ಬಡಿದ. ಪರಿಚಯದವರ ವರ್ಕ್‌ಶಾಪಿನಲ್ಲಿ ಅಕ್ಷರಗಳೆಲ್ಲ ಅಳಿಯುವ ಹಾಗೆ ಮೇಜಿನ ಮೇಲ್ಮೈಯನ್ನು ಕನ್ನಡಿಯಂತೆ ಗ್ರೈಂಡ್ ಮಾಡಿಸಿದ. ಆಮೇಲೆ ಧೈರ್ಯ ಮಾಡಿ ಫೋನ್ ಮಾಡಿದ.

ಎಲ್ಡನ್ ಬಂದ. ಬರಿಗೈಯಲ್ಲೂ ಬರಲಿಲ್ಲ, ಬೇಕರಿಯಿಂದ ಪೀಕಾನ್ ಬೀಜ ಹಾಕಿದ ಕ್ರಿಂಗ್ಲ್ ಎಂಬ ಸಿಹಿ ತಿನಿಸು ತಂದಿದ್ದ.

"ಮೆಟ್ಟಿಲಿಗೊಂದು ದೀಪ ಹಾಕ್ಸೋಕೆ ಏನೋ ದಾಡಿ ನಿಂಗೆ?" ಎನ್ನುತ್ತಲೇ ಇಳಿದ. "ನಾನು ಬಿದ್ದು ಸತ್ರೆ ಮಷೀನು ನಿಂಗೇ ಉಳಿಯುತ್ತೆ ಅಂತಾನಾ?"

ವರ್ನರ್ ನಕ್ಕ. ನಗದೆ ಎಷ್ಟು ಕಾಲವಾಗಿತ್ತೋ, ಕೆನ್ನೆ ನೋಯಿತು. ಮಷೀನು ಚಾಲೂ ಮಾಡಿ ತೋರಿಸಿದ. ಎಲ್ಡನ್ ತಲೆದೂಗಿದ. ಅವನ ಕೈ ಮೇಜಿನ ಮೇಲೆ ಹರಿದಾಡಿತು, ಒಂದು ಮೂಲೆಗೆ ಹೋಗಿ ಅಲ್ಲೇ ಹುಡುಕಾಡಿತು.

"ತೂತೆಲ್ಲಿ?"

"ಮುಚ್ಚಿಬಿಟ್ಟೆ. ನಂದೂ, ನಿಂದೂ, ಎಲ್ಲಾ. ಹೇಗಾಗಿದೆ ನೋಡು!"

"ನನ್ನ ಅಕ್ಷರದ ಪಕ್ಕ ಅಪ್ಪಂದೂ ಇತ್ತಲ್ಲೋ." ಎಲ್ಡನ್ ಮೆಲ್ಲಗೆ ಹೇಳಿದ. "ಅವತ್ತು ಹಿಡಿಕೆ ಮೇಲೆ ನನ್ನ ಕೈ, ಅದರ ಮೇಲೆ ಅಪ್ಪನ ಕೈ. ಮರ ಇಡೋದು ಇಬ್ರೂ ಮರೆತ್ವಿ. ಇಬ್ರೂ ಮೆಟ್ಟಿಲ ಹತ್ರ ನಿಂತು ಕೂಗಿದ್ವಿ ಕಣೋ. ಅಮ್ಮ ಬಂದು ಪಂಚ್ ಕೊಟ್ಲು."

ಅಲ್ಲಿದ್ದ ಮಾಸಿದ ಗೆರೆಗಳನ್ನು ವರ್ನರ್ ತುಕ್ಕು ತಿಂದ ಗುರುತು ಎಂದುಕೊಂಡಿದ್ದ.

"ನಂಗೆ ಗೊತ್ತಿರ್ಲಿಲ್ಲ..."

"ಕೇಳಿದ್ರೆ ಹೇಳ್ತಿದ್ದೆ. ಮಷೀನು ಹೇರ್ಕೊಂಡು ಹೋದಾಗ್ಲೂ ಅಷ್ಟೇ, ಕೇಳಿದ್ರೆ ಕೊಡ್ತಿದ್ದೆ."

"ನಿಂಗೇ ಅಂತ ಮಾಡಿದ್ದು ಕಣೋ. ತಗೊಂಡು ಹೋಗು."

"ಬೇಡ ವರ್ನ್. ಚೆನ್ನಾಗಿದೆ. ನೀನೇ ಇಟ್ಕೋ."

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಎಲ್ಡನ್ ಅಣ್ಣನ ಭುಜ ತಟ್ಟಿ ಮೆಟ್ಟಿಲು ಹತ್ತಿದ. ಗಾಡಿ ಹೊರಟ ಸದ್ದು ಕೇಳಿಸಿತು. ಕ್ರಿಂಗ್ಲ್‌ನ ಡಬ್ಬಿಯನ್ನು ಯಾರೂ ತೆರೆದಿರಲಿಲ್ಲ.

ವರ್ನರ್ ಬಹಳ ಹೊತ್ತು ಆ ಹೊಳೆಯುವ ಮೇಜಿನ ಮುಂದೆ ನಿಂತಿದ್ದ. ತನ್ನ ಮೇಲೇ ಅಸಹ್ಯವಾಯಿತು. ಕೊನೆಗೆ ಮಷೀನು ಚಾಲೂ ಮಾಡಿ, ಅಡಿಯಲ್ಲಿ ಏನನ್ನೂ ಇಡದೆ, ಹಿಡಿಕೆ ಇಳಿಸಿದ. ಬಿಟ್ ಮೇಜಿಗೆ ಕಿರುಗುಟ್ಟುತ್ತ ಇಳಿಯಿತು. ಮಷೀನಿನ ಜೊತೆ ಬಂದಿದ್ದ ಪಂಚುಗಳ ಡ್ರಾಯರಿನಲ್ಲಿ ಎಲ್ಡನ್‌ನ ಅಕ್ಷರವೂ ಇತ್ತು, ಅಪ್ಪನದೂ ಇತ್ತು. ಅವನು ಅವನ್ನು ಮುಟ್ಟಲಿಲ್ಲ.

ಮೆಟ್ಟಿಲ ಕೆಳಗೆ ಹೋಗಿ ನಿಂತು, "ಮೇಜಿಗೆ ಬಿತ್ತು!" ಎಂದು ಕೂಗಿದ.

ಮೇಲೆ ರೇಡಿಯೋ ಮಾತಾಡುತ್ತಲೇ ಇತ್ತು. ಯಾರಾದರೂ ಇಳಿದು ಬರುವರೋ ಎಂಬಂತೆ ವರ್ನರ್ ಸ್ವಲ್ಪ ಹೊತ್ತು ಕಾದ. ಆಮೇಲೆ ವಾಪಸ್ಸು ಬಂದು, ತನ್ನ ಅಕ್ಷರದ ಪಂಚನ್ನು ತಾನೇ ತೆಗೆದುಕೊಂಡು, ತೂತಿನ ಪಕ್ಕ ಇಟ್ಟು ಸುತ್ತಿಗೆಯಿಂದ ಹೊಡೆದ.